ಮಗಳ ಹುಟ್ಟುಹಬ್ಬಕ್ಕೆ ಮೂರು ಅಂತಸ್ತಿನ ರಾಗಿ ಮಣ್ಣಿ: ನನ್ನ ಅನುಭವ

ಮೇ ತಿಂಗಳ ಉಡುಪಿ ಸೆಕೆಯಲ್ಲಿ, ಫ್ರಿಜ್ಜಿನ ಸಹಾಯ ಇಲ್ಲದೆ, ಮಧ್ಯಾಹ್ನದಿಂದ ಸಂಜೆವರೆಗೆ ಮೂರು ಅಂತಸ್ತಿನ ರಾಗಿ ಮಣ್ಣಿ ನೆಟ್ಟಗೆ ನಿಂತಿತು. ವಾಲಲಿಲ್ಲ, ಬೆವರಲಿಲ್ಲ. ಮಣ್ಣಿ ಅಂದರೆ ರಾಗಿಯ ಹಾಲಿಗೆ ಬೆಲ್ಲ, ಕಾಯಿಹಾಲು, ತುಪ್ಪ ಹಾಕಿ ಕಾಯಿಸಿ ಗಟ್ಟಿ ಮಾಡುವ ನಮ್ಮ ಕರಾವಳಿಯ ಸಿಹಿ. ಮಗಳ ನಾಲ್ಕನೇ ಹುಟ್ಟುಹಬ್ಬಕ್ಕೆ ಕೇಕ್ ಅಂತ ಇಟ್ಟದ್ದು ಅದನ್ನೇ. ಇದು ಆಗುವ ಕೆಲಸ ಅಲ್ಲ ಎಂದವರೇ ಎರಡೆರಡು ತುಂಡು ತಿಂದರು. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಬೇಡ ಅಂದದ್ದು ಅಕ್ಕ. "ಎಂತ ಮಾರಾಯ, ಮಣ್ಣಿ ಅಂದ್ರೆ ಬಟ್ಟಲಿಗೆ ಹೊಯ್ದು ತುಂಡು ಮಾಡುವುದು. ಅದನ್ನು ನಿಲ್ಲಿಸ್ಲಿಕ್ಕೆ ಆಗ್ತದಾ?" ಅಮ್ಮನ ತಕರಾರು ಬೇರೆ. "ಹಲ್ಲು ಬಾರದ ಮಗುವಿಗೆ ತಿನ್ನಿಸುವುದನ್ನು ನೆಂಟರ ಎದುರು ಇಡ್ತಿಯಾ?" ಹೆಂಡತಿ ಮಾತ್ರ, "ಮಾಡಿ ನೋಡಿ. ಆದ್ರೆ ಬೇಕರಿಗೂ ಒಂದು ಮಾತು ಹೇಳಿಡುವ" ಅಂದಳು. ಬೇಕರಿಗೆ ಹೇಳುವ ಅಗತ್ಯ ಕೊನೆಗೂ ಬರಲಿಲ್ಲ.

ಕ್ರೀಮ್ ಕೇಕ್ ಬಗ್ಗೆ ನನಗೆ ದ್ವೇಷ ಇಲ್ಲ. ಆದರೆ ನಮ್ಮ ಕಡಲ ಬದಿಯ ಮೇ ತಿಂಗಳಿಗೆ ಅದು ಹೊಂದುವುದಿಲ್ಲ. ಹಿಂದಿನ ವರ್ಷ ತಂದ ಕೇಕಿನ ಗುಲಾಬಿಗಳು, ಕರೆಂಟ್ ಹೋದ ಅರ್ಧ ಗಂಟೆಯಲ್ಲಿ ಬದಿಗೆ ಜಾರಿದವು. ಮಣ್ಣಿಗೆ ಆ ರಗಳೆ ಇಲ್ಲ. ಮತ್ತೆ ರಾಗಿ, ಓಲೆ ಬೆಲ್ಲ (ತಾಳೆ ಬೆಲ್ಲ) ಸೇರಿದರೆ ಬಣ್ಣ ಚಾಕಲೇಟಿನದ್ದೇ. ಮಕ್ಕಳಿಗೆ ಅಷ್ಟು ಸಾಕು.

ಮಣ್ಣಿ ಮಾಡುವುದು ನಮ್ಮ ಕಡೆಯವರಿಗೆಲ್ಲ ಗೊತ್ತು. ರಾಗಿ ನೆನೆಸಿ, ಅರೆದು, ಬೈರಾಸಿನಲ್ಲಿ (ತೆಳು ಬಟ್ಟೆಯಲ್ಲಿ) ಸೋಸಿ, ರಾಗಿಯ ಹಾಲು ತಳಕ್ಕೆ ಕೂತ ಮೇಲೆ ಮೇಲಿನ ನೀರು ಚೆಲ್ಲುವುದು. ಅದರಲ್ಲಿ ಹೊಸತೇನೂ ಇಲ್ಲ. ಹೊಸತು ಇರುವುದು ಎತ್ತರದಲ್ಲಿ. ಅರ್ಧ ಇಂಚಿನ ಮಣ್ಣಿ ಯಾರು ಮಾಡಿದರೂ ನಿಲ್ಲುತ್ತದೆ. ಮೂರು ಇಂಚಿಗೆ ಬಂದಾಗ ಅದರ ನಿಜ ಗುಣ ತಿಳಿಯುತ್ತದೆ.

ಶುರುವಿಗೆ ಆಳದ ಟಿನ್ನಿಗೆ ಒಂದೇ ಸಲ ಹೊಯ್ದೆ. ಅಂಚು ಗಟ್ಟಿಯಾಯಿತು, ನಡು ಬಿಸಿಯಾಗಿಯೇ ಉಳಿಯಿತು. ಕವುಚಿ ಹಾಕಿದರೆ ಹೊಟ್ಟೆ ಉಬ್ಬಿ ಬದಿ ಬಿರಿಯಿತು. ಸರಿ, ಜಾಸ್ತಿ ಕಾಯಿಸುವ ಅಂತ ಮತ್ತೊಂದು ಗಂಟೆಯ ಹತ್ತಿರ ಮಗುಚಿದೆ. ನಿಂತಿತು, ಆದರೆ ತಿನ್ನುವಾಗ ರಬ್ಬರು. "ಇದು ಹಲ್ಲಿಗೆ ಅಂಟ್ತದೆ" ಅಂತ ಅಮ್ಮ ಬಟ್ಟಲು ಬದಿಗಿಟ್ಟರು. ಆಮೇಲೆ ಫ್ರಿಜ್. ಅದು ಎಲ್ಲಕ್ಕಿಂತ ದೊಡ್ಡ ನಷ್ಟ. ಮೇಲಿನ ಅಂತಸ್ತಿಗೆ ಅಂತ ಮಾಡಿದ ಬೆಳ್ತಿಗೆ ಅಕ್ಕಿಯ ಬಿಳಿ ಪದರ ಕಲ್ಲಾಯಿತು. ತಣ್ಣಗಿನ ಮಣ್ಣಿ ನಮ್ಮ ತೇವದ ಗಾಳಿಗೆ ಬಂದ ಕೂಡಲೇ ಮೈಯೆಲ್ಲ ನೀರಿನ ಹನಿ. ಮೇಲಿನ ಅಂತಸ್ತು ಮೆಲ್ಲ ಜಾರಿ ಟೇಬಲ್ ಮೇಲೆ ಕೂತಿತು. ಈ ಪ್ರಯೋಗಗಳಿಗೇ 800 ರೂಪಾಯಿ ಹತ್ತಿರ ಹೋಗಿರಬೇಕು. ಬೆಲ್ಲ, ತುಪ್ಪದ್ದೇ ಹೆಚ್ಚು. ಯಾವುದನ್ನೂ ಬಿಸಾಡಲಿಲ್ಲ. ರಬ್ಬರು ಮಣ್ಣಿಯನ್ನು ಕಾವಲಿಯಲ್ಲಿ ತುಪ್ಪ ಹಾಕಿ ಬಿಸಿ ಮಾಡಿದರೆ ಚಂದ ಮೆತ್ತಗಾಗುತ್ತದೆ, ಬೇಕಾದರೆ ನೋಡಿ.

ಕೊನೆಗೆ ಕೈಗೆ ಬಂದದ್ದು ಹೀಗೆ. ಒಂದೇ ಸಲ ಹೊಯ್ಯಬಾರದು. ಒಂದು ಇಂಚಿಗಿಂತ ಸ್ವಲ್ಪ ಕಡಿಮೆ ಹೊಯ್ದು, ಮೇಲೆ ಕೆನೆಯ ಹಾಗೆ ಒಂದು ಪೊರೆ ಕಟ್ಟುವವರೆಗೆ ಕಾಯಬೇಕು. ಬೆರಳು ತಾಗಿಸಿದರೆ ಅಂಟಬಾರದು, ಆದರೆ ಒಳಗೆ ಬಿಸಿ ಇರಬೇಕು. ಆಗ ಫೋರ್ಕಿನಿಂದ ಮೇಲ್ಮೈ ಗೀರಿ ಮುಂದಿನ ಪದರ ಹೊಯ್ಯಬೇಕು. ಪೂರ್ತಿ ತಣಿದ ಮೇಲೆ ಹೊಯ್ದರೆ ಎರಡೂ ಬೇರೆ ಬೇರೆ ಉಳಿಯುತ್ತವೆ, ಕತ್ತರಿಸುವಾಗ ಜಾರುತ್ತವೆ. ನಡುವೆ ತುಪ್ಪ ಸವರಲೇಬಾರದು. ಅಷ್ಟು ಹೊತ್ತು ಬಾಣಲೆಯಲ್ಲಿ ಉಳಿದದ್ದು ಗಟ್ಟಿಯಾಗದ ಹಾಗೆ ಸಣ್ಣ ಉರಿಯಲ್ಲಿ ಬಿಸಿನೀರಿನ ಪಾತ್ರೆಯ ಮೇಲೆ ಇಟ್ಟುಕೊಳ್ಳಿ.

ಕಾಯಿಸುವ ಹದಕ್ಕೆ ಗಡಿಯಾರ ನೋಡಿ ಪ್ರಯೋಜನ ಇಲ್ಲ. ಸಟ್ಟುಗದಲ್ಲಿ ಬಾಣಲೆಯ ತಳಕ್ಕೆ ಒಂದು ಗೆರೆ ಎಳೆಯಿರಿ. ತಳ ಕಂಡು, ಗೆರೆ ನಿಧಾನ ಮುಚ್ಚಿಕೊಂಡರೆ ಬಟ್ಟಲಿನ ಹದ. ಗೆರೆ ಮುಚ್ಚದೆ ಹಾಗೇ ನಿಂತರೆ ರಬ್ಬರು. ನಮಗೆ ಬೇಕಾದ್ದು ಇವೆರಡರ ನಡುವಿನದ್ದು. ಗೆರೆಯ ಅಂಚು ಒಳಗೆ ಬಾಗುತ್ತದೆ, ಆದರೆ ಕೂಡುವುದಿಲ್ಲ. ಬದಿಯಲ್ಲಿ ತುಪ್ಪ ಮಿಣುಗುತ್ತದೆ, ಗುಳ್ಳೆ ಒಡೆಯುವ ಶಬ್ದ ಭಾರವಾಗುತ್ತದೆ. ದಪ್ಪ ಕಾಯಿಹಾಲು ಕೊನೆಗೇ ಹಾಕಿ. ಮೊದಲೇ ಹಾಕಿದರೆ ಕಾದು ಕಾದು ಎಣ್ಣೆ ಬಿಡುತ್ತದೆ.

ಟಿನ್ನಿಗೂ ತುಪ್ಪ ಸವರುವುದಿಲ್ಲ ನಾನು. ಬಾಳೆ ಎಲೆಯನ್ನು ಬೆಂಕಿಗೆ ಬಾಡಿಸಿ ತಳಕ್ಕೆ, ಸುತ್ತಲೂ ಹಾಸುತ್ತೇನೆ. ಕಳಚಿದಾಗ ಎಲೆಯ ಗೀರು ಬದಿಯಲ್ಲಿ ಸಾಲಾಗಿ ಮೂಡಿರುತ್ತದೆ. ಬೇರೆ ಅಲಂಕಾರವೇ ಬೇಡ. ಅಂತಸ್ತುಗಳ ಭಾರ ಹೊರಲಿಕ್ಕೆ ಕಬ್ಬಿನ ಸಣ್ಣ ಕಡ್ಡಿ ಸಿಗಿದು ಕೆಳಗಿನದ್ದಕ್ಕೆ ಚುಚ್ಚಿದೆ. ಜ್ಯೂಸಿನ ಗಾಡಿಯವರು ಒಂದು ತುಂಡು ಕಬ್ಬು ಸುಮ್ನೆ ಕೊಟ್ಟರು. ಆಮೇಲೆ ಮಕ್ಕಳು ಆ ಕಡ್ಡಿಗಾಗಿ ಜಗಳ ಆಡಿದ್ದು ಬೇರೆ ವಿಷಯ.

ರಾಗಿ ಹಾಲಿಗೆ ನಾನು ಇನ್ನೊಂದು ಹಿಟ್ಟು ಸ್ವಲ್ಪ ಸೇರಿಸುತ್ತೇನೆ. ಯಾವುದು, ಎಷ್ಟು ಅಂತ ಹೇಳುವುದಿಲ್ಲ. ಮನೆಯಲ್ಲಿ ಇರುವುದೇ, ನಾಲ್ಕಾರು ಸಲ ಮಾಡಿದರೆ ನಿಮಗೂ ಸಿಗುತ್ತದೆ.

ಬಣ್ಣದ ವಿಷಯಕ್ಕೆ ಬಂದರೆ, ಅಲ್ಲಿ ನಾನು ಸ್ವಲ್ಪ ದಾರಿ ತಪ್ಪಿ ಅಲೆದಾಡಿದ್ದು ನಿಜ, ಆದರೆ ಖುಷಿಯಿಂದ. ಮೇಲಿನ ಸಣ್ಣ ಅಂತಸ್ತಿಗೆ ಸಕ್ಕರೆ ಹಾಕಿದ ಹಾಲುಬಾಯಿ, ಅಂದರೆ ಅಕ್ಕಿಯ ಬಿಳಿ ಮಣ್ಣಿ. ಅದಕ್ಕೆ ಶಂಖಪುಷ್ಪ ನೆನೆಸಿದ ಬಿಸಿನೀರು ಸೇರಿಸಿದೆ, ಮಳೆ ನಿಂತ ಮೇಲಿನ ಆಕಾಶದ ನೀಲಿ ಬಂತು. ಉಳಿದ ನೀಲಿ ನೀರನ್ನು ಸಣ್ಣ ಗ್ಲಾಸುಗಳಿಗೆ ಹಾಕಿ ಮಕ್ಕಳ ಕೈಗೆ ಲಿಂಬೆ ತುಂಡು ಕೊಟ್ಟೆ. ಹಿಂಡಿದ ಕೂಡಲೇ ನೇರಳೆ! ಅಮ್ಮ ಅಷ್ಟರಲ್ಲಿ ಆರತಿಗೆ ಅರಶಿನ ನೀರಿಗೆ ಸುಣ್ಣ ಹಾಕಿದರು, ಅದು ಕೆಂಪಾಯಿತು. ಮಕ್ಕಳು ಎರಡೂ ಕಡೆ ಓಡಿ ಓಡಿ ನೋಡಿದರು. ಮ್ಯಾಜಿಕ್ ಶೋಗೆ ಯಾರನ್ನೋ ಕರೆಸುವ ದುಡ್ಡು ಅಲ್ಲೇ ಉಳಿಯಿತು.

ಪುನರ್ಪುಳಿ (ಕೋಕಂ) ಜೆಲ್ಲಿ ಇನ್ನೊಂದು. ಜೆಲ್ಲಿ ಗಟ್ಟಿ ಮಾಡುವ ಚೈನಾ ಗ್ರಾಸ್ (ಅಗರ್) ಮತ್ತು ಪುನರ್ಪುಳಿ ರಸ ಒಟ್ಟಿಗೆ ಕುದಿಸಿದರೆ ಗಟ್ಟಿಯಾಗುವುದೇ ಇಲ್ಲ, ಹುಳಿ ಅದನ್ನು ಒಡೆದು ಹಾಕುತ್ತದೆ. ಚೈನಾ ಗ್ರಾಸನ್ನು ಬರೀ ನೀರಲ್ಲಿ ಪೂರ್ತಿ ಕರಗಿಸಿ, ಒಲೆ ಆರಿಸಿ, ಆಮೇಲೆ ಉಗುರು ಬೆಚ್ಚಗಿನ ರಸ ಸೇರಿಸಬೇಕು. ರಸ ತಣ್ಣಗಿದ್ದರೆ ಗಂಟು ಕಟ್ಟುತ್ತದೆ. ಹೀಗೆ ಮಾಡಿದ ಜೆಲ್ಲಿ ಸೆಕೆಗೂ ಕರಗುವುದಿಲ್ಲ. ಅದನ್ನು ತುಂಡು ಮಾಡಿ, ಐಸ್‌ಕ್ರೀಮ್, ಹಣ್ಣು, ಗೇರುಬೀಜ ಬೇರೆ ಬೇರೆ ಇಟ್ಟು, ಮಕ್ಕಳೇ ಉದ್ದ ಗ್ಲಾಸಿನಲ್ಲಿ ಗಡ್‌ಬಡ್ ಕಟ್ಟಿಕೊಳ್ಳಲಿ ಅಂತ ಬಿಟ್ಟೆ. ಕೇಕ್‌ಗಿಂತ ಹೆಚ್ಚು ಗಲಾಟೆ ಅಲ್ಲೇ.

ಕ್ಯಾಂಡಲ್ ಇಡಲಿಲ್ಲ. ದೀಪ ಊದಿ ಆರಿಸುವುದು ಅಮ್ಮನಿಗೆ ಸುತರಾಂ ಇಷ್ಟ ಇಲ್ಲ, ನನಗೂ ಅದು ಸರಿ ಅನಿಸುತ್ತದೆ. ಮಗಳ ಕೈ ಹಿಡಿದು ನಾಲ್ಕು ಹಣತೆ ಹಚ್ಚಿಸಿದೆವು. ಹುಟ್ಟಿದ ನಕ್ಷತ್ರದ ದಿನ ಆ ಸಲ ತಾರೀಕಿಗಿಂತ ಮೊದಲೇ ಬಂದಿತ್ತು. ಆವತ್ತು ದೇವಸ್ಥಾನದಲ್ಲಿ ಪೂಜೆ, ತಾರೀಕಿನ ದಿನ ಮಕ್ಕಳ ಗಲಾಟೆ. ಎರಡು ಹುಟ್ಟುಹಬ್ಬ ಅಂತ ಅವಳಿಗೆ ಹೆಮ್ಮೆ.

ಅಂಗಳದ ಅಲಂಕಾರಕ್ಕೆ ಬಲೂನು ತರಲಿಲ್ಲ. ತೆಂಗಿನ ಗರಿಯಲ್ಲಿ ಗಿರಿಗಿಟ್ಲೆ, ಪೀಪಿ, ವಾಚು. ಪಕ್ಕದ ಮನೆಯ ಅಜ್ಜ ಬಂದು ಕೂತು ಹಕ್ಕಿ ಮಾಡಿಕೊಟ್ಟರು, ಅದು ನನ್ನ ಕೈಗೆ ಇನ್ನೂ ಬಂದಿಲ್ಲ. ಗರಿ ಹಿಂದಿನ ರಾತ್ರಿಯೇ ಕಡಿದು ಒದ್ದೆ ಗೋಣಿಯಲ್ಲಿ ಸುತ್ತಿಡಿ, ಇಲ್ಲದಿದ್ದರೆ ಮಡಚುವಾಗ ಸೀಳುತ್ತದೆ. ಊಟ ಹಾಳೆ ತಟ್ಟೆಯಲ್ಲಿ. ಎರಡು ದೊಡ್ಡ ಅಡಿಕೆ ಹಾಳೆ ಇಟ್ಟು ಮಕ್ಕಳನ್ನು ಕೂರಿಸಿ ಎಳೆದೆವು. ಮಣಿಪಾಲದ ಫ್ಲಾಟಿನಿಂದ ಬಂದ ಮಕ್ಕಳು ಇಳಿಯಲಿಕ್ಕೇ ಒಪ್ಪಲಿಲ್ಲ. ಕೇಕಿನ ಬುಡಕ್ಕೆ ಸುತ್ತಲು ಶಂಕರಪುರ ಮಲ್ಲಿಗೆ. ಅದನ್ನು ಮಾರುವುದು ಅಟ್ಟೆಯ ಲೆಕ್ಕದಲ್ಲಿ. ಅಟ್ಟೆ ಪೂರ್ತಿ ತಂದರೆ ಕಿಸೆಗೆ ಭಾರ, ಒಂದು ಅಟ್ಟೆಗೆ ನಾಲ್ಕು ಚೆಂಡು. ಒಂದು ಚೆಂಡು ಧಾರಾಳ ಸಾಕು.

ಖರ್ಚು ನೆನಪಿದ್ದಷ್ಟು ಹೇಳುತ್ತೇನೆ. ರಾಗಿ ಒಂದು ಕೆ.ಜಿ.ಗೆ 60ರ ಆಸುಪಾಸು. ಓಲೆ ಬೆಲ್ಲ ದುಬಾರಿ, ಹಾಗಾಗಿ ಅರ್ಧ ಅದು, ಅರ್ಧ ಮಾಮೂಲಿ ಬೆಲ್ಲ, ಎರಡೂ ಸೇರಿ 250. ತುಪ್ಪ 200. ಅಕ್ಕಿ, ಸಕ್ಕರೆ, ಏಲಕ್ಕಿ ಸೇರಿ 100 ಇರಬಹುದು. ಕಾಯಿ ನಮ್ಮ ಮರದ್ದೇ. ಕ್ರಯಕ್ಕೆ ತಂದಿದ್ದರೆ ಆಗಿನ ರೇಟಿಗೆ ಇನ್ನೂ 300 ಸೇರಿಸಿಕೊಳ್ಳಿ. ಅಂತೂ ಕೇಕ್ ಭಾಗ 600ರ ಮೇಲೆ ಸ್ವಲ್ಪ, ತೂಕ ನಾಲ್ಕು ಕೆ.ಜಿ.ಗೆ ಕಡಿಮೆ ಇರಲಿಲ್ಲ. ಬೇಕರಿಯಲ್ಲಿ ಎರಡು ಕೆ.ಜಿ.ಗೆ 1,800 ಹೇಳಿದ್ದರು. ಐಸ್‌ಕ್ರೀಮ್, ಹಣ್ಣು, ಗೇರುಬೀಜಕ್ಕೆ ಮಾತ್ರ 1,000 ದಾಟಿತು. ಅಲ್ಲಿ ಉಳಿಸಲಿಕ್ಕೆ ಹೋಗಬೇಡಿ.

ಒಂದು ಜಾಗ್ರತೆ: ಇದು ಕಾಯಿಹಾಲಿನದ್ದು, ಸೆಕೆಗೆ ಬೇಗ ಹಳಸುತ್ತದೆ. ಬೆಳಿಗ್ಗೆ ಬೇಗ ಕಾಯಿಸಿ, ಸಂಜೆಯೊಳಗೆ ಹಂಚಿ ಮುಗಿಸಿ. ಹಿಂದಿನ ದಿನವೇ ಮಾಡಿಟ್ಟುಕೊಳ್ಳುವ ಯೋಚನೆ ಬೇಡ. ಕತ್ತರಿಸಲಿಕ್ಕೆ ಚೂರಿಗಿಂತ ದಪ್ಪ ನೂಲು ಒಳ್ಳೆಯದು, ಪದರ ಪದರ ಸ್ವಚ್ಛ ಕಾಣುತ್ತದೆ.

ಅಕ್ಕ ಹೋಗುವಾಗ ಡಬ್ಬಿಯಲ್ಲಿ ಒಂದು ಇಡೀ ಅಂತಸ್ತು ತುಂಬಿಸಿಕೊಂಡಳು. ಜೂನ್ ಕೊನೆಗೆ ಅವಳ ಮಗನ ಹುಟ್ಟುಹಬ್ಬ, ಅದಕ್ಕೂ ನಾನೇ ಮಾಡಬೇಕಂತೆ, ಅದೂ ಹಲಸಿನ ಹಣ್ಣಿನದ್ದು. ಹಲಸು ನೀರು ಬಿಡುತ್ತದೆ, ಮಳೆಗಾಲದ ತೇವ ಬೇರೆ. ಮೆತ್ತಗಿನ ತುಳುವ ಬೇಡ, ಗಟ್ಟಿ ತೊಳೆಯ ಬಕ್ಕೆ ಹಣ್ಣೇ ಬೇಕು ಅಂತ ಹೇಳಿಟ್ಟಿದ್ದೇನೆ.