ಕಲಬುರಗಿ ಬಿಸಿಲಿನಲ್ಲಿ ಎಸ್‌ಎಫ್‌9 ಕೋಶಗಳನ್ನು ಉಳಿಸಿಕೊಂಡದ್ದು

ತೊಗರಿ ಕಾಳಿನ ಒಂದು ಪ್ರೋಟಿಯೇಸ್ ಇನ್ಹಿಬಿಟರನ್ನು (ಪ್ರೋಟೀನ್ ಅರಗಿಸುವ ಕಿಣ್ವವನ್ನು ತಡೆಯುವ ಪ್ರೋಟೀನು) ಎಸ್‌ಎಫ್‌9 ಎಂಬ ಕೀಟಕೋಶಗಳಲ್ಲಿ ತಯಾರಿಸುತ್ತಿದ್ದೇವೆ. ಹುಳುವಿನ ಜೀರ್ಣಶಕ್ತಿಯನ್ನೇ ಕೆಡಿಸುವ ಈ ಪ್ರೋಟೀನನ್ನು ಹುಳುವಿನ ಕೋಶದಿಂದಲೇ ಮಾಡಿಸುವುದು ಒಂಥರಾ ತಮಾಷೆ. 2018ರಲ್ಲಿ ನಮ್ಮ ಗೋವಿನಜೋಳಕ್ಕೆ ಬಿದ್ದ ಫಾಲ್ ಸೈನಿಕ ಹುಳುವಿನ ಅಂಡಾಶಯದಿಂದಲೇ ಎಸ್‌ಎಫ್‌9 ಬಂದಿರುವುದು.

ಚಳಿಗಾಲದಲ್ಲಿ ಎಲ್ಲ ಸರಿ ಇತ್ತು. ಏಪ್ರಿಲ್ ಬಂತು, ಕೋಶಗಳು ಬೆಳೆಯಲೊಲ್ಲವು, ಆ ಪ್ರೋಟೀನಿನ ಜೀನನ್ನು ಕೋಶದೊಳಗೆ ಒಯ್ಯುವ ಬ್ಯಾಕ್ಯುಲೋವೈರಸ್ ಹಾಕಿದರೂ ಪ್ರೋಟೀನ್ ಅಷ್ಟಕ್ಕಷ್ಟೇ. ಎಲ್ಲರೂ ವೈರಸ್ ಸ್ಟಾಕ್ ಹಳೆಯದು ಅಂದರು. ಹೊಸ ಸ್ಟಾಕ್ ಹಾಕಿದರೂ ಅದೇ ಕಥೆ. ಕೋಶ ಬೆಳೆಸುವ ದ್ರವದ (ಮೀಡಿಯಂ) ಪಿಎಚ್ 6.2, ಅದೂ ಸರಿ.

ಕೊನೆಗೆ ಕೋಶಗಳನ್ನಿಡುವ ಇನ್‌ಕ್ಯುಬೇಟರ್ ಒಳಗೆ ನೀರು ತುಂಬಿದ ಫ್ಲಾಸ್ಕಿಟ್ಟು ಅದರಲ್ಲಿ ಥರ್ಮಾಮೀಟರ್ ಇಳಿಬಿಟ್ಟೆ. ಬಾಗಿಲ ಮೇಲೆ 27 ಅಂತ ಸೆಟ್ ಮಾಡಿದ್ದರೂ ಮಧ್ಯಾಹ್ನ ಒಳಗೆ 33! ಆ ಪೆಟ್ಟಿಗೆಗೆ ಕಾಯಿಸುವುದಷ್ಟೇ ಗೊತ್ತು, ತಂಪು ಮಾಡುವುದು ಗೊತ್ತಿಲ್ಲ. ಹೊರಗೆ 42 ಡಿಗ್ರಿ, ಕರೆಂಟ್ ಹೋದರೆ ಎಸಿಯೂ ಇಲ್ಲ. ಕೋಣೆಗಿಂತ ತಣ್ಣಗಾಗುವುದಾದರೂ ಹೇಗೆ? ಈ ಕೋಶಗಳಿಗೆ 27–28 ಬೇಕು, 30 ದಾಟಿದರೆ ಸೊರಗುತ್ತವೆ.

ಪಕ್ಕದ ವಿಭಾಗದಲ್ಲಿ ಧೂಳು ತಿನ್ನುತ್ತಿದ್ದ ಬಿಒಡಿ ಇನ್‌ಕ್ಯುಬೇಟರ್ ಕೇಳಿ ತಂದೆ. ಅದರಲ್ಲಿ ತಂಪು ಮಾಡುವ ಕಂಪ್ರೆಸರ್ ಇರುತ್ತದೆ, ಕೀಟಕೋಶಕ್ಕೆ ಕಾರ್ಬನ್ ಡೈಆಕ್ಸೈಡ್ ಬೇಡವೇ ಬೇಡ, ಹಾಗಾಗಿ ಸಾಕು. ಕೆಳಗಿನ ತಟ್ಟೆಯಲ್ಲಿ ನೀರಿನ ಬಾಟಲಿ ತುಂಬಿಟ್ಟೆ. ಸ್ವಲ್ಪ ಹೊತ್ತು ಕರೆಂಟ್ ಹೋದರೂ ಒಳಗಿನ ತಂಪು ನಿಲ್ಲುತ್ತದೆ. ತಾಸುಗಟ್ಟಲೆ ಹೋದರೆ ಬಾಟಲಿ ಸಾಲದು, ಜನರೇಟರ್ ಲೈನೇ ಬೇಕು.

ಈಗ ಕೋಶಗಳು ದಿನಕ್ಕೊಮ್ಮೆ ಹತ್ತಿರಹತ್ತಿರ ಇಮ್ಮಡಿಯಾಗುತ್ತಿವೆ. ವೈರಸ್ ಹಾಕಿ 72 ಗಂಟೆಗೆ ತೆಗೆದರೆ ಪ್ರೋಟೀನುಗಳನ್ನು ಬೇರ್ಪಡಿಸಿ ನೋಡುವ ಜೆಲ್ ಮೇಲೆ ನಮ್ಮ ಪ್ರೋಟೀನಿನ ಪಟ್ಟಿ ದಪ್ಪಗೆ ಕಾಣುತ್ತದೆ.