ವಹಾಕಾದಲ್ಲಿ ಮಗ್ಗ ಹುಡುಕಿಕೊಂಡು ಹೋದಾಗ

ನಾನು ಇಳಕಲ್ಲಿನ ಮಗ್ಗದ ಮನೆಯಲ್ಲಿ ಬೆಳೆದವಳು. ಅಪ್ಪ ನೆಲದ ಕುಣಿಯೊಳಗೆ ಕಾಲು ಇಳಿಬಿಟ್ಟು ನೇಯುವ ಕುಣಿಮಗ್ಗದಲ್ಲಿ ಕೂತರೆ ಅವ್ವ ಪಕ್ಕದಲ್ಲಿ ಕಂಡಿಕೆ ಸುತ್ತುತ್ತಿದ್ದಳು. ಹೀಗಾಗಿ ಮೆಕ್ಸಿಕೊಗೆ ಹೋಗುವ ಅವಕಾಶ ಬಂದಾಗ ಕಡಲತೀರದ ಊರುಗಳನ್ನು ಬಿಟ್ಟು, ದಕ್ಷಿಣದ ವಹಾಕಾ ಪಟ್ಟಣದಲ್ಲಿ ಹತ್ತು ದಿನ ಕೋಣೆ ಹಿಡಿದೆ. ಅದರ ಸುತ್ತಲಿನ ಹಳ್ಳಿಗಳಲ್ಲಿ ಒಂದೊಂದಕ್ಕೆ ಒಂದೊಂದು ಕಸುಬು. ಒಂದೂರಲ್ಲಿ ನೇಯ್ಗೆ, ಇನ್ನೊಂದರಲ್ಲಿ ಕಪ್ಪು ಮಣ್ಣಿನ ಗಡಿಗೆ, ಮತ್ತೊಂದರಲ್ಲಿ ಮರದ ಕೆತ್ತನೆ.

ಮೊದಲ ದಿನವೇ ತಪ್ಪು ಮಾಡಿದೆ. ಹೋಟೆಲಿನವರು ಹೇಳಿದ ವ್ಯಾನ್ ಹತ್ತಿದೆ. ಒಂದೇ ದಿನದಲ್ಲಿ ನಾಲ್ಕು ಜಾಗ. ಪ್ರತಿ ಕಡೆ ಹತ್ತು ನಿಮಿಷ ಕೆಲಸ ತೋರಿಸಿ, ಮುಕ್ಕಾಲು ಗಂಟೆ ಅಂಗಡಿಯಲ್ಲಿ ನಿಲ್ಲಿಸುತ್ತಿದ್ದರು. ಮಾರಾಟವಾದದ್ದರಲ್ಲಿ ವ್ಯಾನಿನವರಿಗೂ ಪಾಲುಂಟು ಎಂದು ಆಮೇಲೆ ತಿಳಿಯಿತು. ಒಂದು ಅಂಗಡಿಯಲ್ಲಿ ‘ಪೂರ್ತಿ ಉಣ್ಣೆ, ಗಿಡದ ಬಣ್ಣ’ ಎಂದದ್ದನ್ನು ನಂಬಿ ಸಣ್ಣದೊಂದು ನೆಲಹಾಸು ಕೊಂಡೆ. ರಾತ್ರಿ ಕೋಣೆಯಲ್ಲಿ ಅಂಚಿನಿಂದ ಒಂದು ಎಳೆ ಕಿತ್ತು ಬೆಂಕಿಕಡ್ಡಿಗೆ ಹಿಡಿದೆ. ಉಣ್ಣೆಯಾಗಿದ್ದರೆ ಕೂದಲು ಸುಟ್ಟ ವಾಸನೆ ಬಂದು ಬೂದಿಯಾಗಿ ಉದುರಬೇಕಿತ್ತು. ಇದು ಕರಗಿ ಗಟ್ಟಿ ಮಣಿಯಾಯಿತು. ನೇಕಾರರ ಮಗಳಾಗಿ ಕೊಳ್ಳುವ ಮೊದಲೇ ಈ ಪರೀಕ್ಷೆ ಮಾಡಲಿಲ್ಲವಲ್ಲ ಎಂದು ತುಂಬಾ ಬೇಜಾರಾಯಿತು. ಆ ರಾತ್ರಿಯೇ ನಿರ್ಧರಿಸಿದೆ: ಇನ್ನು ಮೇಲೆ ದಿನಕ್ಕೆ ಒಂದೇ ಹಳ್ಳಿ, ಅದೂ ಒಬ್ಬಳೇ.

ನೇಕಾರರ ಹಳ್ಳಿ ತೆಯೊತಿತ್ಲಾನ್ ದೆಲ್ ವಯ್ಯೆ, ವಹಾಕಾ ಪಟ್ಟಣದಿಂದ ಪೂರ್ವಕ್ಕೆ ಸುಮಾರು 30 ಕಿ.ಮೀ. ತ್ಲಾಕೊಲುಲಾ ಕಡೆಯ ಬಸ್ಸು ಹೆದ್ದಾರಿಯ ಕೂಡುರಸ್ತೆಯಲ್ಲಿ ಇಳಿಸಿತು. ಅಲ್ಲಿಂದ ಊರೊಳಕ್ಕೆ ಮೋಟೊಟ್ಯಾಕ್ಸಿ. ನೋಡಿದರೆ ನಮ್ಮ ಬಜಾಜ್ ಆಟೊ! ಇದು ಸಪೊತೆಕ್ ಎಂಬ ಮೂಲನಿವಾಸಿ ಜನರ ಊರು. ಮನೆಯೊಳಗೆ ಸಪೊತೆಕ್ ಭಾಷೆ, ಹೊರಗಿನವರೊಡನೆ ಸ್ಪ್ಯಾನಿಷ್. ನಾನು ಕಲಿತಿದ್ದ ಹರುಕುಮುರುಕು ಸ್ಪ್ಯಾನಿಷ್ ಅಲ್ಲಿ ಸಾಕಾಯಿತು. ಮುಖ್ಯರಸ್ತೆಯ ದೊಡ್ಡ ಮಳಿಗೆಗಳನ್ನು ದಾಟಿ ಒಳಗಿನ ಓಣಿಗೆ ಹೋದೆ. ಬಾಗಿಲು ತೆರೆದಿದ್ದು ಒಳಗಿಂದ ಮಗ್ಗದ ಸದ್ದು ಬರುತ್ತಿದ್ದ ಮನೆಯೊಂದರ ಮುಂದೆ ನಿಂತು, ‘ಬುಯೆನೊಸ್ ದಿಯಾಸ್, ನೋಡಬಹುದಾ?’ ಎಂದು ಕೇಳಿದೆ. ಮನೆಯಾಕೆ ನನ್ನನ್ನು ಅಂಗಳಕ್ಕೆ ಕರೆದು ಕುರ್ಚಿ ಹಾಕಿದರು.

ಅವರ ಮುಂದೆ ಕಾಲಿರುವ ಅರೆಕಲ್ಲು. ಅದರ ಮೇಲೆ ರಾಗಿಕಾಳಿಗಿಂತ ತುಸು ದೊಡ್ಡದಾದ ಬೂದುಬಣ್ಣದ ಒಣಕಾಳುಗಳು. ಅವು ಕಾಳಲ್ಲ, ಹುಳ. ನಮ್ಮ ಕಡೆ ಬೇಲಿಗೆ ಬೆಳೆಯುವ ಡಬ್ಬಗಳ್ಳಿಯ ಜಾತಿಯ ಗಿಡದ ಮೇಲೆ ಬದುಕುವ ಕೊಚಿನೀಲ್. ಒಂದನ್ನು ನನ್ನ ಅಂಗೈಯಲ್ಲಿಟ್ಟು ಹೆಬ್ಬೆರಳಿಂದ ಉಜ್ಜಿದರು. ದಟ್ಟ ಕೆಂಪು ಹರಡಿತು. ಮೇಲೆ ನಾಲ್ಕು ಹನಿ ನಿಂಬೆರಸ ಹಿಂಡಿದಾಗ ಆ ಕೆಂಪು ಕೇಸರಿಯ ಕಡೆಗೆ ತಿರುಗಿತು. ಪಕ್ಕದಲ್ಲೇ ಇನ್ನೊಂದು ಹುಳ ಉಜ್ಜಿ ಚಿಟಿಕೆ ಸುಣ್ಣ ಬೆರೆಸಿದಾಗ ನೇರಳೆ ಬಂತು. ಹುಳಿ, ಕ್ಷಾರಗಳ ಆಟ ಇದು. ಒಂದೇ ಹುಳದಿಂದ ಎಷ್ಟೋ ಛಾಯೆ ತೆಗೆಯುತ್ತಾರೆ. ಅರ್ಧ ಕಿಲೋದಷ್ಟು ಬಣ್ಣಕ್ಕೆ 70,000 ಹುಳ ಬೇಕು ಎಂಬ ಲೆಕ್ಕವನ್ನು ಅಲ್ಲಿ ಎಲ್ಲರೂ ಹೇಳುತ್ತಾರೆ. ಸ್ಪೇನಿನ ಆಳ್ವಿಕೆಯಲ್ಲಿ ಈ ನಾಡಿನಿಂದ ಹೊರಹೋಗುತ್ತಿದ್ದ ಸರಕುಗಳಲ್ಲಿ ಬೆಳ್ಳಿಯ ನಂತರ ಬೆಲೆಬಾಳುತ್ತಿದ್ದದ್ದು ಇದೇ. ಯುರೋಪಿನವರು ಬಹಳ ಕಾಲ ಇದನ್ನು ಬೀಜವೆಂದೇ ತಿಳಿದಿದ್ದರಂತೆ. ನೀಲಿಗೆ ಇದೇ ವಹಾಕಾ ರಾಜ್ಯದ ನಿಲ್ತೆಪೆಕ್ ಊರಿನ ನೀಲಿಗಿಡ, ಹಳದಿಗೆ ಪೆರಿಕೊನ್ ಎಂಬ ಚೆಂಡುಹೂವಿನ ಜಾತಿಯ ಗಿಡ. ಬಣ್ಣ ಕಚ್ಚಲು ಪಟಿಕ.

ಒಳಗೆ ಆಕೆಯ ಗಂಡ ನೇಯುತ್ತಿದ್ದರು. ಕಸುಬು ಬಲ್ಲವರನ್ನು ಅಲ್ಲಿ ‘ಮಾಯೆಸ್ತ್ರೊ’ ಅನ್ನುತ್ತಾರೆ, ನಾನೂ ಹಾಗೇ ಕರೆದೆ. ಅವರು ನಿಂತು ನೇಯುತ್ತಾರೆ! ತುಳಿಯುವ ಮಣೆ ನಮ್ಮಲ್ಲಿದ್ದಂತೆಯೇ, ಆದರೆ ಕುಣಿಯಿಲ್ಲ, ದಿನವಿಡೀ ಕಾಲ ಮೇಲೆಯೇ. 16ನೇ ಶತಮಾನದಲ್ಲಿ ಸ್ಪೇನಿನವರು ಕುರಿಯನ್ನೂ ಈ ಮಗ್ಗವನ್ನೂ ತಂದರು. ಅದಕ್ಕೂ ಮೊದಲು ಸೊಂಟಕ್ಕೆ ಕಟ್ಟಿಕೊಂಡು ನೇಯುವ ಮಗ್ಗವಿತ್ತು. ಒಗೆಯುವ ಲಾಳಿಯೂ ಕಾಣಲಿಲ್ಲ. ಬಣ್ಣ ಬದಲಾಗುವಲ್ಲೆಲ್ಲ ಬೇರೆ ಬೇರೆ ಉಂಡೆಯ ನೂಲನ್ನು ಬೆರಳಿಂದಲೇ ಮಗ್ಗದ ಉದ್ದೆಳೆಗಳ ನಡುವೆ ತೂರಿಸಿ, ಹಣಿಗೆಯಿಂದ ಬಡಿದು ಆ ಉದ್ದೆಳೆಗಳೇ ಕಾಣದಂತೆ ಮುಚ್ಚುತ್ತಾರೆ. ಅಂದು ಏರುತ್ತಿದ್ದದ್ದು ಮೆಟ್ಟಿಲು ಮೆಟ್ಟಿಲಾಗಿ ಸುರುಳಿ ಸುತ್ತುವ ನಕ್ಷೆ. ಹತ್ತಿರದ ಮಿತ್ಲಾದ ಪುರಾತನ ಗೋಡೆಗಳಲ್ಲಿ ಕಲ್ಲಿನ ಚೂರು ಜೋಡಿಸಿ ಮಾಡಿದ ನಕ್ಷೆಯೇ ಇದರ ಮೂಲ. ಎದುರಿಗೆ ಕಾಗದವಿಲ್ಲ. ತುಟಿ ಅಲ್ಲಾಡಿಸುತ್ತ ಎಳೆ ಎಣಿಸುತ್ತಿದ್ದರು. ನಮ್ಮಪ್ಪನೂ ಇಳಕಲ್ ಸೀರೆಯ ತೋಪುತೆನೆ ಸೆರಗು ಏರಿಸುವಾಗ ಹೀಗೇ.

ನಾನು ಇಂಡಿಯಾದವಳು ಎಂದಾಗ ಅವರ ಕೈ ನಿಂತಿತು. ‘ಅಮೆರಿಕದ ವ್ಯಾಪಾರಿಗಳು ನಮ್ಮ ನಕ್ಷೆಗಳನ್ನು ನಿಮ್ಮ ದೇಶಕ್ಕೆ ಒಯ್ದು ಅಗ್ಗಕ್ಕೆ ನೇಯಿಸಿದರು, ಗೊತ್ತಾ?’ ಅಂದರು. ಕೋಪದಿಂದ ಹೇಳಿದ ಮಾತಲ್ಲ, ಆದರೂ ಎದೆಗೆ ನಾಟಿತು. ಇಳಕಲ್ ಸೀರೆಯ ನಕಲು ಪವರ್‌ಲೂಮಿನಲ್ಲಿ ಬಂದು ಅಪ್ಪನ ಕೂಲಿ ಕುಸಿದದ್ದನ್ನು ನನಗೆ ಬಂದಷ್ಟು ಸ್ಪ್ಯಾನಿಷ್‌ನಲ್ಲಿ ಹೇಳಿದೆ. ಫೋನಿನಲ್ಲಿದ್ದ ಅಪ್ಪನ ಮಗ್ಗದ ಫೋಟೊ ತೋರಿಸಿದೆ. ಅವರು ಹೆಂಡತಿಯನ್ನು ಕೂಗಿ ಕರೆದರು. ಇಬ್ಬರೂ ಫೋಟೊ ದೊಡ್ಡದು ಮಾಡಿ, ಕುಣಿಯೊಳಗಿದ್ದ ಅಪ್ಪನ ಕಾಲನ್ನು ನೋಡುತ್ತಲೇ ಇದ್ದರು.

ಬೆಲೆ ಕೇಳುವ ಮೊದಲು ‘ಇದಕ್ಕೆ ಎಷ್ಟು ದಿನ ಹಿಡಿಯಿತು?’ ಎಂದು ಕೇಳುವುದನ್ನು ಅಲ್ಲಿಂದ ರೂಢಿ ಮಾಡಿಕೊಂಡೆ. ನಾನು ಆರಿಸಿದ ಎರಡೂವರೆ ಅಡಿ ಅಗಲ, ಐದು ಅಡಿ ಉದ್ದದ ನೆಲಹಾಸಿಗೆ ನೇಯ್ಗೆಯೇ ಮೂರು ವಾರ. ಉಣ್ಣೆ ಹಿಂಜಿ, ನೂತು, ಬಣ್ಣ ಹಾಕಿದ್ದು ಬೇರೆ. 5,200 ಪೆಸೊ ಅಂದರು. ದಿನಕ್ಕೆ ಎಷ್ಟು ಬಿತ್ತೆಂದು ಮನಸ್ಸಿನಲ್ಲೇ ಭಾಗಿಸಿ ನೋಡಿದೆ, ಚೌಕಾಸಿ ಮಾಡಲು ಬಾಯಿ ಬರಲಿಲ್ಲ. ಸಂತೆಯಲ್ಲಿ ಹಣ್ಣಿಗೆ ಚೌಕಾಸಿ ಮಾಡಿ, ಮಗ್ಗದ ಮುಂದೆ ಬೇಡ. ದುಡ್ಡು ಕಡಿಮೆಯಿದ್ದರೆ ಸಣ್ಣದನ್ನು ಕೊಳ್ಳಿ. ಕಾರ್ಡ್ ನಡೆಯದ ಮನೆಗಳೇ ಹೆಚ್ಚು, ನಗದು ಇಟ್ಟುಕೊಂಡಿರಿ.

ಸಾನ್ ಬಾರ್ತೊಲೊ ಕೊಯೊತೆಪೆಕ್‌ನಲ್ಲಿ ಕಪ್ಪು ಗಡಿಗೆ ನೋಡಿದೆ. ತಿಗರಿಯ ಬದಲು ಎರಡು ತಟ್ಟೆ. ಒಂದನ್ನು ಬೋರಲು ಹಾಕಿ, ಅದರ ಮೇಲೆ ಇನ್ನೊಂದನ್ನು ಕೂರಿಸಿ, ಕೈಯಲ್ಲೇ ತಿರುಗಿಸುತ್ತಾರೆ. ಮೊದಲು ಈ ಊರಿನ ಮಡಿಕೆಗಳು ಮಂಕು ಬೂದುಬಣ್ಣದವು. 1950ರ ದಶಕದಲ್ಲಿ ದೊನ್ಯಾ ರೋಸಾ ಎಂಬ ಕುಂಬಾರತಿ, ಪೂರ್ತಿ ಒಣಗುವ ಮುನ್ನ ನುಣುಪು ಕಲ್ಲಿನಿಂದ ಉಜ್ಜಿ, ಕಡಿಮೆ ಶಾಖದಲ್ಲಿ ಸುಟ್ಟು ಕನ್ನಡಿಯಂಥ ಹೊಳಪು ತಂದರು. ಹೊಳಪು ಬಂದ ಗಡಿಗೆಯಲ್ಲಿ ಮಾತ್ರ ನೀರು ನಿಲ್ಲುವುದಿಲ್ಲ, ಅಲಂಕಾರಕ್ಕಷ್ಟೇ. ಹಸಿರು ಮೆರುಗಿನ ಪಾತ್ರೆಗಳ ಅತ್ಸೊಂಪಾದಲ್ಲಿ ಅಡುಗೆಗೆಂದು ಕೊಳ್ಳುವುದಾದರೆ ‘ಸಿನ್ ಪ್ಲೊಮೊ?’, ಅಂದರೆ ಸೀಸವಿಲ್ಲವೇ ಎಂದು ಕೇಳಲೇಬೇಕು. ಹಳೆಯ ಬಗೆಯ ಮೆರುಗಿಗೆ ಸೀಸ ಬಳಸುತ್ತಾರೆ.

ತಿಲ್ಕಾಹೆತೆಯಲ್ಲಿ ಕೊಪಾಲ್ ಮರದಲ್ಲಿ ಕೆತ್ತಿ ಬಣ್ಣ ಬರೆದ ಸಣ್ಣ ಮೊಲವೊಂದನ್ನು ಕೊಂಡೆ. ಮೆತುವಾದ ಮರ, ಒಳಗೆ ಹುಳ ಇರಬಹುದು. ಊರಿಗೆ ಬಂದ ಮೇಲೆ ಚೀಲದಲ್ಲಿ ಕಟ್ಟಿ ಒಂದು ವಾರ ಫ್ರೀಜರಿನಲ್ಲಿಟ್ಟೆ.

ಪಟ್ಟಣದ ಅಂಗಡಿಗಳನ್ನೂ ಬಿಡಬೇಡಿ. ದೂರದ ಬೆಟ್ಟದೂರುಗಳಿಗೆ ಹತ್ತು ದಿನದಲ್ಲಿ ಹೋಗಲಾಗದು. ಅಲ್ಲಿನ ಹೆಂಗಸರು ಮಾಡಿದ್ದು ‘ಮಾರೊ’ ಎಂಬ ಮಹಿಳಾ ಕುಶಲಕರ್ಮಿಗಳದೇ ಮಳಿಗೆಯಲ್ಲಿ ಸಿಗುತ್ತದೆ. ಆದರೆ ಮೊದಲು ಒಂದಿಡೀ ಬೆಳಿಗ್ಗೆ ಜವಳಿ ವಸ್ತುಸಂಗ್ರಹಾಲಯದಲ್ಲಿ ಕಳೆಯಿರಿ. ಒಳ್ಳೆಯದನ್ನು ನೋಡಿ ಪಳಗಿದ ಕಣ್ಣಿಗೆ ಆಮೇಲೆ ಕಳಪೆ ತಾನಾಗಿ ಗೊತ್ತಾಗುತ್ತದೆ.

ನೆಲಹಾಸನ್ನು ಮಡಚದೆ ಸುರುಳಿ ಸುತ್ತಿ ತಂದೆ. ಇಳಕಲ್ಲಿನ ಪಡಸಾಲೆಯಲ್ಲಿ ಹಾಸಿದಾಗ ಅಪ್ಪ ಮೇಲ್ಮೈ ನೋಡಲೇ ಇಲ್ಲ, ಮೊದಲು ತಿರುವಿ ಹಾಕಿದರು. ಉಗುರಿನಿಂದ ಹೊಕ್ಕಿನ ಅಡ್ಡೆಳೆ ಸರಿಸಿ ಎಣಿಸಿದರು. ಮೆಟ್ಟಿಲು ತಿರುಗುವಲ್ಲಿ ಎರಡು ಬಣ್ಣ ಕೂಡಿದ ಕಡೆ ಬೆರಳಿಟ್ಟು, ‘ತಂಗಿ, ಇಲ್ಲಿ ಕೊಂಡಿ ಹ್ಯಾಂಗ ಹಾಕ್ಯಾನ ನೋಡಿದೇನು?’ ಎಂದು ಕೇಳಿದರು. ಫೋನಿನಲ್ಲಿದ್ದ ವಿಡಿಯೊ ಹಾಕಿ ಕೊಟ್ಟೆ. ಕನ್ನಡಕ ತರಲು ಎದ್ದು ಒಳಗೆ ಹೋದರು.