ಕಥೆ ಬೇಡ, ಗಾಬ್ಲಿನ್ ಲೆಕ್ಕ ಇರಲಿ

ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಅಂದರೆ ಒಬ್ಬರು ಸನ್ನಿವೇಶ ಹೇಳಿ, ಉಳಿದವರು ಒಂದೊಂದು ಪಾತ್ರವಾಗಿ ದಾಳ ಉರುಳಿಸಿ ಆಡುವ ಆಟ. ಅದನ್ನು ನಡೆಸಲು ಕೂರುವಾಗ ನಾನು ನಾಲ್ಕು ತಾಸಿನ ಆಟಕ್ಕೆ ಎರಡು ಪುಟಕ್ಕಿಂತ ಹೆಚ್ಚು ಟಿಪ್ಪಣಿ ಬರೆದುಕೊಳ್ಳುವುದಿಲ್ಲ. ಸೇತುವೆ ಮೇಲೆ ಹೊಂಚು ಹಾಕಿಸಿ ಕಾಯುತ್ತಿದ್ದರೆ ಆಟಗಾರರು ಹೊಳೆಗಿಳಿದು ಈಜುತ್ತಾರೆ. ಹಾಗಾಗಿ ಟಿಪ್ಪಣಿಯಲ್ಲಿ ಕಥೆ ಇರುವುದಿಲ್ಲ. ಯಾರಿಗೆ ಏನು ಬೇಕು, ಯಾರೂ ತಡೆಯದಿದ್ದರೆ ಏನಾಗುತ್ತದೆ ಅನ್ನುವುದಷ್ಟೇ ಇರುತ್ತದೆ. ಉದಾಹರಣೆಗೆ, ಗಾಬ್ಲಿನ್ ಎಂಬ ಕುಳ್ಳ ದುಷ್ಟಜೀವಿಗಳು ಗಿರಣಿಯವನ ಮಗನನ್ನು ಹೊತ್ತೊಯ್ದಿವೆ, ಅವಕ್ಕೆ ಬೇಕಿರುವುದು ಹಿಟ್ಟು. ಊರೊಡೆಯ ಕಾಳು ಬಚ್ಚಿಟ್ಟಿದ್ದಾನೆ. ಮೂರನೇ ರಾತ್ರಿ ಕಣಜಕ್ಕೆ ಬೆಂಕಿ ಬೀಳುತ್ತದೆ. ಇಷ್ಟು ಸಾಕು.

ಲೆಕ್ಕ ತಪ್ಪುವುದು ಕಾಳಗದಲ್ಲಿ. ನಾನು ಬಳಸುವುದು 2014ರ ಐದನೇ ಆವೃತ್ತಿಯ ನಿಯಮ. ಒಂದನೇ ಲೆವೆಲ್‌ನ ಒಂದು ಪಾತ್ರಕ್ಕೆ ಸಾಧಾರಣ ಕಾಳಗ ಅಂದರೆ 50 ಎಕ್ಸ್‌ಪಿ (ಶತ್ರುವನ್ನು ಗೆದ್ದರೆ ಸಿಗುವ ಅನುಭವದ ಅಂಕ), ಕಠಿಣ 75, ಮಾರಕ 100. ನಾಲ್ವರಿದ್ದರೆ ಮಾರಕದ ಗಡಿ 400. ಒಂದು ಗಾಬ್ಲಿನ್‌ಗೆ 50. ನಾಲ್ಕಕ್ಕೆ 200 ತಾನೆ ಎಂದು ಅಲ್ಲಿಗೇ ನಿಲ್ಲಿಸಿದರೆ ಕೆಟ್ಟಿರಿ. ಮೂರರಿಂದ ಆರು ಶತ್ರುಗಳಿದ್ದರೆ ಎರಡರಿಂದ ಗುಣಿಸಬೇಕು, ಏಕೆಂದರೆ ಪ್ರತಿ ಸುತ್ತಿನಲ್ಲೂ ನಾಲ್ಕು ಏಟು ಬೀಳುತ್ತವೆ. ಅಲ್ಲಿಗೆ 400. ಅದಕ್ಕೇ ಎರಡನ್ನು ಮೊದಲು ಬಿಡುತ್ತೇನೆ, ಉಳಿದೆರಡು ಮೂರನೇ ಸುತ್ತಿಗೆ. ಎಲ್ಲಕ್ಕೂ ಒಂದೇ ಇನಿಷಿಯೇಟಿವ್ (ಸರದಿ ಗೊತ್ತುಮಾಡುವ ದಾಳ) ಉರುಳಿಸುವುದೂ ಬೇಡ. ಒಟ್ಟಿಗೆ ಮುಗಿಬಿದ್ದರೆ ಯಾರಾದರೊಬ್ಬರು ತಮ್ಮ ಸರದಿ ಬರುವ ಮೊದಲೇ ನೆಲಕ್ಕೆ.

ಒಂಟಿ ಬಗ್‌ಬೇರ್ (ಗಾಬ್ಲಿನ್ ಜಾತಿಯದೇ ದೊಡ್ಡ ಜೀವಿ) ಇನ್ನೂ ಮೋಸದ್ದು. 200 ಎಕ್ಸ್‌ಪಿ, ಕಾಗದದ ಮೇಲೆ ಸಾಧಾರಣ. ಆದರೆ ಅದರ ಗದೆಯ ಏಟು ಎಂಟು ಮುಖದ ಎರಡು ದಾಳ, ಮೇಲೆ 2; ಸರಾಸರಿ 11. ಕಾನ್‌ಸ್ಟಿಟ್ಯೂಷನ್ (ದೇಹದ ಗಟ್ಟಿತನ) +2 ಇರುವ, ಒಂದನೇ ಲೆವೆಲ್‌ನ ವಿಝರ್ಡ್‌ಗೆ (ಮಾಂತ್ರಿಕ) ಇರುವುದೇ 8 ಹಿಟ್ ಪಾಯಿಂಟ್, ಅಂದರೆ ಜೀವದ ಅಂಕ. ಒಂದೇ ಏಟು ಅದರ ಎರಡರಷ್ಟು, ಅಂದರೆ 16 ಮುಟ್ಟಿತೋ, ಡೆತ್ ಸೇವ್‌ಗೂ (ಸಾವಿನಿಂದ ಪಾರಾಗಲು ಉರುಳಿಸುವ ದಾಳ) ಅವಕಾಶವಿಲ್ಲ, ಸ್ಥಳದಲ್ಲೇ ಸಾವು. ಎರಡನೇ ಲೆವೆಲ್‌ವರೆಗೆ ಅದನ್ನು ಹೊರಗೆ ತೆಗೆಯುವುದಿಲ್ಲ.

ಸುಳಿವಿನದೂ ಇದೇ ಕಥೆ. +5 ಇರುವವರಿಗೂ, ಅಂದರೆ ಬಿದ್ದ ಅಂಕಿಗೆ 5 ಕೂಡಿಸಿಕೊಳ್ಳುವವರಿಗೂ, 15ರ ಗುರಿ ಮುಟ್ಟಲು 20 ಮುಖದ ದಾಳದಲ್ಲಿ ಕನಿಷ್ಠ 10 ಬೀಳಬೇಕು. ನೂರಕ್ಕೆ 45 ಸಲ ಬೀಳದು. ಗುಹೆಯ ದಾರಿ ಆ ಒಂದು ದಾಳಕ್ಕೆ ಜೋತುಬಿದ್ದಿದ್ದರೆ ಆಟ ಅಲ್ಲೇ ನಿಂತಿತು. ಮೂರು ಕಡೆ ಸುಳಿವಿಡುತ್ತೇನೆ: ಗಿರಣಿಯವನ ಹೆಂಡತಿ ಕಂಡದ್ದು, ಕೆಸರಿನ ಹೆಜ್ಜೆ, ತೂತುಬಿದ್ದ ಚೀಲದಿಂದ ಉದುರಿದ ಹಿಟ್ಟಿನ ಗೆರೆ. ಹಿಟ್ಟಿನ ಗೆರೆಗೆ ದಾಳ ಬೇಕಿಲ್ಲ, ನೋಡಿದರೆ ಕಾಣುತ್ತದೆ. ಹೆಜ್ಜೆ ಹುಡುಕಿ ಸೋತರೂ ದಾರಿ ಸಿಗುತ್ತದೆ, ಆದರೆ ಅರ್ಧ ದಿನ ಹೋಗುತ್ತದೆ.

ಬಹುಮಾನದಲ್ಲಿ ಕೈ ಬಿಗಿ ಇರಲಿ. ನಿಯಮಪುಸ್ತಕದ ಪ್ರಕಾರ ಕೂಲಿಯಾಳಿನ ದಿನಗೂಲಿ 2 ಬೆಳ್ಳಿ ನಾಣ್ಯ. 10 ಬೆಳ್ಳಿಗೆ 1 ಚಿನ್ನ. ಹಳ್ಳಿಯವರು 500 ಚಿನ್ನ ಕೊಟ್ಟರೆಂದರೆ 2,500 ದಿನದ ಕೂಲಿ. ತಲೆಗೆ 10 ಕೊಟ್ಟರೂ ಉದಾರವೇ. ಉದ್ದ ಕತ್ತಿಗೆ 15 ಚಿನ್ನ, ಅದರ ಆಸೆ ಆಟಗಾರರನ್ನು ಮುಂದಿನ ವಾರಕ್ಕೆ ಕರೆತರುತ್ತದೆ.

ನಕ್ಷೆಗೆ ಚಾರ್ಟ್ ಪೇಪರ್ ಮೇಲೆ ಒಂದಂಗುಲದ ಚೌಕ. ಒಂದು ಚೌಕ 5 ಅಡಿ, ಸಾಮಾನ್ಯ ನಡಿಗೆ ಆರು ಚೌಕ. ಗುಹೆಯ ಓಣಿ ಎರಡು ಚೌಕಕ್ಕಿಂತ ಕಿರಿದಾದರೆ ಮುಂದಿದ್ದವನೊಬ್ಬ ಕಾದಾಡುತ್ತಾನೆ, ಹಿಂದಿದ್ದವರು ಮೊಬೈಲ್ ತೆಗೆಯುತ್ತಾರೆ. ಆಟಗಾರರಿಗೆ ಚೌಕಾಬಾರದ ಕವಡೆ, ಗಾಬ್ಲಿನ್‌ಗಳಿಗೆ ಹುಣಸೆ ಬೀಜ. ಬೀಜ ಉಜ್ಜಿ, ಬಿಳಿ ಕಂಡ ಕಡೆ ಮಾರ್ಕರ್‌ನಿಂದ ಅಂಕಿ ಹಾಕಿಡಿ. ಇಲ್ಲದಿದ್ದರೆ ಮೂರನೇ ಸುತ್ತಿಗೆ ಯಾವುದಕ್ಕೆ ಏಟು ಬಿದ್ದಿತ್ತು ಎಂಬ ಜಗಳ ಶುರು.